ತುಕ್ಕು ಹಿಡಿದ ಹಳೆಯ ಜೀಪ್ ಪಿಕಪ್: ಮನೆಯ ಗ್ಯಾರೇಜಿನಲ್ಲಿ ದೋಷ ಪತ್ತೆ ಮತ್ತು ನಿವಾರಣೆ

ಮಹೀಂದ್ರ ಕಂಪನಿ 1965ರಲ್ಲಿ ಭಾರತದ ರಸ್ತೆಗಿಳಿಸಿದ ಎಫ್‌ಸಿ-150 ಪೆಟ್ರೋಲ್ ಪಿಕಪ್ಪನ್ನು ಮುಂದಿಟ್ಟುಕೊಂಡು ಈ ಕೈಪಿಡಿಯನ್ನು ಬರೆಯಲಾಗಿದೆ. ಅಮೆರಿಕದ ವಿಲೀಸ್ ಕಂಪನಿಯ ವಿನ್ಯಾಸವಾದ ಈ ಗಾಡಿಗೆ ಮುಂದಕ್ಕೆ ಚಾಚಿದ ಬಾನೆಟ್ ಇಲ್ಲ. ಚಾಲಕ ಮುಂದಿನ ಚಕ್ರದ ಮೇಲೆಯೇ ಕೂರುತ್ತಾನೆ, ಹರಿಕೇನ್ ಎಂಬ 2.2 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಕ್ಯಾಬಿನ್ನಿನೊಳಗೆ ತಗಡಿನ ಮುಚ್ಚಳದ ಅಡಿಯಲ್ಲಿರುತ್ತದೆ. ಅದೇ ಎಂಜಿನ್ ಇರುವ ಆ ಕಾಲದ ಇತರ ಜೀಪುಗಳಿಗೂ ಇಲ್ಲಿನ ಬಹುತೇಕ ಮಾತುಗಳು ಅನ್ವಯಿಸುತ್ತವೆ. ಮಲೆನಾಡಿನ ಕಾಫಿ, ಅಡಿಕೆ ತೋಟಗಳಲ್ಲಿ ಮತ್ತು ಕರಾವಳಿಯಲ್ಲಿ ಇಂಥ ಗಾಡಿಗಳು ದುಡಿದು ಸವೆದು, ಕೊನೆಗೆ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ನಿಂತುಬಿಟ್ಟಿರುತ್ತವೆ.

ಇಂಥ ಗಾಡಿಯನ್ನು ಮನೆಗೆ ತಂದವರು ಸಾಮಾನ್ಯವಾಗಿ ಮೊದಲು ಎಂಜಿನ್ ಸ್ಟಾರ್ಟ್ ಮಾಡಲು, ಆಮೇಲೆ ಬಣ್ಣ ಹೊಡೆಸಲು ಹೊರಡುತ್ತಾರೆ. ಎರಡೂ ಆತುರದ ಹೆಜ್ಜೆಗಳು. ಕಣ್ಣಿಗೆ ಕಾಣುವ ತುಕ್ಕು ಎಲ್ಲೋ ನೀರು ನಿಂತಿದೆ ಎಂಬುದರ ಲಕ್ಷಣ ಮಾತ್ರ. ನೀರು ಬಂದ ದಾರಿಯನ್ನು ಮೊದಲು ಹುಡುಕಬೇಕು, ಗಾಡಿಯ ಭಾರ ಹೊರುವ ಚಾಸಿ ಗಟ್ಟಿಯಾಗಿದೆಯೇ ಎಂದು ಎರಡನೆಯದಾಗಿ ನೋಡಬೇಕು, ಉಳಿದದ್ದೆಲ್ಲ ಅನಂತರ. ಚಾಸಿ ಪರೀಕ್ಷೆಯಲ್ಲಿ ತೇರ್ಗಡೆಯಾಗುವ ತನಕ ಬಣ್ಣಕ್ಕಾಗಲಿ ಸೀಟಿಗಾಗಲಿ ಒಂದು ರೂಪಾಯಿಯನ್ನೂ ಖರ್ಚು ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೆಲಸಕ್ಕೆ ಕೈಹಚ್ಚುವ ಮುನ್ನ

ಈ ಗಾಡಿಯ ಹ್ಯಾಂಡ್‌ಬ್ರೇಕ್ ಚಕ್ರಗಳ ಡ್ರಮ್ಮಿನಲ್ಲಿ ಇರುವುದಿಲ್ಲ. ಅದು ಎಂಜಿನ್ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿದ್ದು ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿದು ನಿಲ್ಲಿಸುತ್ತದೆ. ಹಿಂದಿನ ಒಂದು ಚಕ್ರವನ್ನು ಜಾಕಿಯಿಂದ ಎತ್ತಿದ ಕ್ಷಣದಲ್ಲಿ, ಶಾಫ್ಟ್ ಅಲುಗದಿದ್ದರೂ ಎರಡು ಚಕ್ರಗಳನ್ನು ಬೇರೆ ಬೇರೆಯಾಗಿ ತಿರುಗಲು ಬಿಡುವ ಡಿಫರೆನ್ಶಿಯಲ್ ಮೂಲಕ ಗಾಳಿಯಲ್ಲಿರುವ ಚಕ್ರ ಒಂದು ಕಡೆಗೂ ನೆಲದ ಮೇಲಿರುವ ಚಕ್ರ ಇನ್ನೊಂದು ಕಡೆಗೂ ತಿರುಗಬಲ್ಲವು, ಅಂದರೆ ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಗಾಡಿ ಉರುಳಬಲ್ಲದು. ಗೇರಿನಲ್ಲಿ ನಿಲ್ಲಿಸಿದ್ದರೂ ಇದೇ ಅಪಾಯವಿದೆ. ಆದ್ದರಿಂದ ಜಾಕಿ ಹಾಕುವ ಮೊದಲು ಮುಂದಿನ ಎರಡೂ ಚಕ್ರಗಳಿಗೆ ಎರಡೂ ಬದಿಯಿಂದ ಮರದ ಬೆಣೆ ಕೊಡಬೇಕು, ಎತ್ತಿದ ಮೇಲೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಳಿಸಬೇಕು. ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕ್ ಇಟ್ಟು ಗಾಡಿಯ ಕೆಳಗೆ ಮಲಗುವವರನ್ನು ಕಂಡಿದ್ದೇನೆ. ಬ್ಲಾಕು ಸೀಳುವ ಮುನ್ನ ಯಾವ ಮುನ್ಸೂಚನೆಯನ್ನೂ ಕೊಡುವುದಿಲ್ಲ. ಸ್ಟ್ಯಾಂಡನ್ನು ಆಧರಿಸುವ ಜಾಗದ ಚಾಸಿಯೇ ತುಕ್ಕು ತಿಂದಿದ್ದರೆ ಅದು ಒಳಗೆ ಕುಸಿಯುತ್ತದೆ, ಹಾಗಾಗಿ ಆಧಾರವನ್ನು ಆಕ್ಸಲ್ಲಿಗೆ ಕೊಡುವುದೇ ಮೇಲು.

ಬ್ಯಾಟರಿ ಕಳಚುವಾಗ ಅರ್ಥ್ ತಂತಿಯನ್ನು ಮೊದಲು ತೆಗೆದು, ಜೋಡಿಸುವಾಗ ಕೊನೆಗೆ ಹಾಕಬೇಕು. ಹಳೆಯ ಬಣ್ಣದಲ್ಲಿ ಸೀಸ, ಹಳೆಯ ಬ್ರೇಕ್ ಮತ್ತು ಕ್ಲಚ್ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುವ ಸಂಭವ ಹೆಚ್ಚಾದ್ದರಿಂದ ಒಣ ಧೂಳನ್ನು ಉಜ್ಜಿ ಹಾರಿಸಬಾರದು, ಊದಿ ತೆಗೆಯಲೂಬಾರದು. ಬಣ್ಣವನ್ನು ನೀರು ಹಾಕಿ ಉಜ್ಜಬೇಕು, ಸೂಕ್ತ ಫಿಲ್ಟರ್ ಇರುವ ಮಾಸ್ಕ್ ಧರಿಸಬೇಕು, ಕೆಲಸದ ಬಟ್ಟೆಯಲ್ಲೇ ಮನೆಯೊಳಗೆ ಹೋಗಬಾರದು. ತುಕ್ಕು ತಗಡಿನ ಅಂಚು ಚರ್ಮ ಸೀಳುವುದು ಮಾಮೂಲಾದ್ದರಿಂದ ಟೆಟನಸ್ ಚುಚ್ಚುಮದ್ದು ಹಳೆಯದಾಗಿದ್ದರೆ ಮೊದಲೇ ಹಾಕಿಸಿಕೊಳ್ಳಿ.

ಲಕ್ಷಣ: ಬಣ್ಣ ಗುಳ್ಳೆ ಎದ್ದಿದೆ, ತಗಡು ಉಬ್ಬಿದೆ

ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಹಲವು ಪಟ್ಟು ಹಿಗ್ಗುತ್ತದೆ, ಬಣ್ಣ ಗುಳ್ಳೆ ಏಳುವುದು ಅದೇ ಕಾರಣಕ್ಕೆ. ಗುಳ್ಳೆಯ ಅಳತೆಯನ್ನು ನೋಡಿ ಹಾನಿಯ ಅಳತೆಯನ್ನು ಊಹಿಸಬಾರದು, ಏಕೆಂದರೆ ಕಾಸಿನಗಲದ ಗುಳ್ಳೆ ಎಷ್ಟೋ ವೇಳೆ ಒಳಮೈಯಿಂದ ಹೊರಬಂದ ತುಕ್ಕಿನ ತುದಿಯಾಗಿರುತ್ತದೆ.

ಖರ್ಚಿಲ್ಲದ ಮೊದಲ ಪರೀಕ್ಷೆಗೆ ಒಂದು ಅಯಸ್ಕಾಂತ ಸಾಕು. ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತವನ್ನು ಬಾಗಿಲಿನ ಕೆಳ ಅಂಚು, ಚಕ್ರದ ಮೇಲಿನ ಕಮಾನು, ಕ್ಯಾಬಿನ್ನಿನ ಹಿಂದಿನ ಮೂಲೆ ಇವುಗಳ ಮೇಲೆ ಹಾಯಿಸಿ. ಹಿಡಿತ ಇದ್ದಕ್ಕಿದ್ದಂತೆ ಸಡಿಲವಾದ ಕಡೆ ಪುಟ್ಟಿ ತುಂಬಲಾಗಿದೆ ಎಂದೇ ಅರ್ಥ. ಎರಡನೆಯದು ಸುತ್ತಿಗೆಯ ಪರೀಕ್ಷೆ. ಸಣ್ಣ ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ಹೋದರೆ ಗಟ್ಟಿ ತಗಡು ಕಣಕಣ ಎನ್ನುತ್ತದೆ, ತಿಂದುಹೋದ ತಗಡು ಬೊದ್ದು ಶಬ್ದ ಕೊಡುತ್ತದೆ, ಒಳಗಿನಿಂದ ತುಕ್ಕಿನ ಪುಡಿ ಸರ್ರನೆ ಉದುರುವುದು ಕಿವಿಗೆ ಕೇಳಿಸುತ್ತದೆ. ಅಲ್ಲಿ ಹಳೆಯ ಸ್ಕ್ರೂಡ್ರೈವರಿನ ಮೊನೆಯನ್ನು ಒತ್ತಿ ನೋಡಬೇಕು.

ಮೊನೆ ಒತ್ತಿದಾಗ ಕಂದು ಪುಡಿ ಮಾತ್ರ ಬಂದು ಕೆಳಗೆ ಹೊಳೆಯುವ ಲೋಹ ಕಂಡರೆ ಅದು ಮೇಲ್ಮೈ ತುಕ್ಕು. ತಂತಿ ಬ್ರಷ್ ಮತ್ತು ಎಮರಿ ಕಾಗದದ ಕೆಲಸ. ಪದರ ಪದರವಾಗಿ ಹಕ್ಕಳೆ ಎದ್ದು ಬರುತ್ತಿದ್ದರೆ, ಹಕ್ಕಳೆಗಳನ್ನು ಪೂರ್ತಿ ಕೆತ್ತಿ ತೆಗೆದ ಮೇಲೆ ಉಳಿದ ತಗಡು ಬೆರಳಿನ ಒತ್ತಡಕ್ಕೆ ಬಗ್ಗುತ್ತದೆಯೇ ಎಂದು ನೋಡಿ ತೀರ್ಮಾನಿಸಬೇಕು. ಮೊನೆ ಆರಪಾರ ಹೋದರೆ ಆ ಭಾಗವನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ಹೊಸ ತಗಡು ಕೂರಿಸುವುದೊಂದೇ ದಾರಿ. ತೂತಿನ ಮೇಲೆ ಫೈಬರ್ ಮತ್ತು ಪುಟ್ಟಿ ಮೆತ್ತಿದರೆ ಒಂದು ಮಳೆಗಾಲ ಮಾತ್ರ ಮರ್ಯಾದೆ ಉಳಿಯುತ್ತದೆ. ಪುಟ್ಟಿ ತೇವ ಹೀರಿಕೊಂಡು ಹಿಂದಿನ ತಗಡನ್ನು ಇನ್ನಷ್ಟು ಬೇಗ ತಿನ್ನಿಸುತ್ತದೆ.

ಕತ್ತರಿ ಹಿಡಿಯುವ ಮೊದಲು ನೀರಿನ ದಾರಿ ಪತ್ತೆಯಾಗಬೇಕು. ಒಬ್ಬರು ಟಾರ್ಚ್ ಹಿಡಿದು ಕ್ಯಾಬಿನ್ನಿನೊಳಗೆ ಕೂತಿರಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ಸಣ್ಣಗೆ ನೀರು ಬಿಡಲಿ. ಮೇಲಿನಿಂದ ಒಮ್ಮೆಗೇ ಸುರಿದರೆ ಏನೂ ಗೊತ್ತಾಗುವುದಿಲ್ಲ. ಬಾಗಿಲಿನ ಬುಡದಿಂದ ಆರಂಭಿಸಿ, ಪ್ರತಿ ಮಟ್ಟದಲ್ಲೂ ಕೆಲವು ನಿಮಿಷ ನಿಲ್ಲಿಸಿ, ನಿಧಾನವಾಗಿ ಗಾಜಿನ ರಬ್ಬರಿನವರೆಗೆ, ಅಲ್ಲಿಂದ ಛಾವಣಿಯ ಅಂಚಿನವರೆಗೆ ಏರಬೇಕು. ಒಳಗೆ ಮೊದಲ ಹನಿ ಕಾಣಿಸಿದಾಗ ಪೈಪ್ ಯಾವ ಮಟ್ಟದಲ್ಲಿತ್ತೋ ಅಲ್ಲೇ ಸೋರಿಕೆ ಇದೆ. ಮುಂದಿನ ಗಾಜಿನ ರಬ್ಬರ್ ಒಣಗಿ ಸೀಳಿರುವುದು ಅತಿ ಸಾಮಾನ್ಯ ಕಾರಣ. ಗಾಜಿನ ಕೆಳಮೂಲೆಯಿಂದ ಇಳಿದ ನೀರು ಒಳಬದಿಯಲ್ಲೇ ಹರಿದು ಕಾಲಿಡುವ ತಗಡಿನ ಮೂಲೆಯಲ್ಲಿ ನಿಲ್ಲುತ್ತದೆ, ಹೀಗಾಗಿ ತೂತು ಒಂದು ಕಡೆ, ಸೋರಿಕೆ ಅದಕ್ಕಿಂತ ಬಹಳ ಮೇಲೆ. ಬಾಗಿಲಿನ ಬುಡದ ನೀರಿಳಿಯುವ ತೂತುಗಳು ಮಣ್ಣು, ಬಣ್ಣದಿಂದ ಮುಚ್ಚಿದ್ದರೆ ತಂತಿಯಿಂದ ಬಿಡಿಸಿ. ಆಮೇಲಿನ ಎಲ್ಲ ದುರಸ್ತಿಗಿಂತ ಈ ಎರಡು ನಿಮಿಷದ ಕೆಲಸಕ್ಕೆ ಬೆಲೆ ಹೆಚ್ಚು.

ಹಿಂದಿನ ತೊಟ್ಟಿಯ ತುಕ್ಕು ಅದು ಹೊತ್ತ ಸರಕಿನ ಕತೆಯನ್ನು ಹೇಳುತ್ತದೆ. ಪೊಟ್ಯಾಷ್ ಗೊಬ್ಬರದಲ್ಲಿರುವುದು ಪೊಟ್ಯಾಸಿಯಂ ಕ್ಲೋರೈಡ್, ಮೀನಿನ ಪೆಟ್ಟಿಗೆಯಿಂದ ಸೋರುವುದು ಉಪ್ಪುನೀರು. ಇಂಥ ಲವಣ ತಗಡಿನ ಸಂದುಗಳಲ್ಲಿ ಕುಳಿತರೆ ಗಾಳಿಯ ತೇವವನ್ನು ಎಳೆದುಕೊಂಡು ಬೇಸಿಗೆಯಲ್ಲೂ ತುಕ್ಕನ್ನು ಬೆಳೆಸುತ್ತದೆ. ಅಂಥ ತೊಟ್ಟಿಯನ್ನು ಉಜ್ಜುವ ಮೊದಲು ಸಿಹಿನೀರಿನಿಂದ ಹಲವು ಬಾರಿ ತೊಳೆದು ಬಿಸಿಲಿಗೆ ಒಣಗಿಸಬೇಕು, ಇಲ್ಲದಿದ್ದರೆ ಉಜ್ಜುವಾಗ ಲವಣವನ್ನು ಲೋಹದ ಗುಂಡಿಗಳೊಳಗೆ ನಾವೇ ತುಂಬಿದಂತಾಗುತ್ತದೆ.

ಟಿಂಕರಿಂಗ್ ಅಂಗಡಿಗಳಲ್ಲಿ ತೇಪೆಗೆ ಸತು ಲೇಪಿಸಿದ ಜಿಐ ತಗಡು ಬಳಸುವುದುಂಟು. ಆ ಲೇಪ ವೆಲ್ಡಿಂಗಿನ ಬಿಸಿಗೆ ಹೊಗೆಯಾಗಿ, ಉಸಿರಾಡಿದವರಿಗೆ ಅಂದು ರಾತ್ರಿ ಚಳಿಜ್ವರ ತರಿಸುತ್ತದೆ. ಲೇಪವಿಲ್ಲದ ಸಿಆರ್ (ಕೋಲ್ಡ್ ರೋಲ್ಡ್) ತಗಡನ್ನೇ ಕೇಳಿ ಪಡೆಯಿರಿ. ವೆಲ್ಡಿಂಗ್ ಮಾಡುವ ಜಾಗವನ್ನು ಕ್ಲೋರಿನ್ ಅಂಶವಿರುವ ಬ್ರೇಕ್ ಕ್ಲೀನರಿನಿಂದ ಒರೆಸಲೇಬಾರದು, ಏಕೆಂದರೆ ಆ ಬಿಸಿಗೆ ಅದು ಪ್ರಾಣಾಂತಕ ಫಾಸ್ಜೀನ್ ಅನಿಲವಾಗಬಲ್ಲದು.

ಲಕ್ಷಣ: ಬಾಗಿಲು ಕೂರುತ್ತಿಲ್ಲ, ಗಾಡಿ ಒಂದು ಬದಿಗೆ ವಾಲಿದೆ

ಮೊದಲು ಟಯರಿನ ಗಾಳಿ ನೋಡಿ, ಗಾಡಿ ಸಮತಟ್ಟಾದ ನೆಲದ ಮೇಲೆ ನಿಂತಿದೆಯೇ ಎಂದು ನೋಡಿ. ಆಮೇಲೆ ಬಾಗಿಲಿನ ಹಿಂಜು. ತೆರೆದ ಬಾಗಿಲನ್ನು ಕೆಳಗಿನಿಂದ ಎತ್ತಿದಾಗ ಹಿಂಜಿನ ಪಿನ್ನಿನಲ್ಲೇ ಲಟಪಟ ಎಂದರೆ ಪಿನ್ ಸವೆದಿದೆ, ಅದು ಲೇತಿನಲ್ಲಿ ಮುಗಿಯುವ ಅಗ್ಗದ ಕೆಲಸ. ಹಿಂಜು ಗಟ್ಟಿಯಾಗಿದ್ದು ಅದನ್ನು ಹಿಡಿದ ಕಂಬವೇ ಅಲುಗಿದರೆ ಕಂಬದ ಬುಡ ತಿಂದುಹೋಗಿದೆ. ಎರಡೂ ಗಟ್ಟಿಯಿದ್ದು ಸಂದು ಮಾತ್ರ ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕ್ಯಾಬಿನ್ನಿನ ಅಡಿಯ ರಬ್ಬರ್ ಬುಷ್‌ಗಳು ಪುಡಿಯಾಗಿರಬಹುದು, ಇಲ್ಲವೇ ಚಾಸಿ ಬಗ್ಗಿರಬಹುದು.

ಗಾಡಿ ವಾಲಿದ್ದರೆ ಆಕ್ಸಲ್ಲಿನ ಮೇಲೆ ಭಾರ ತಾಳುವ ಸ್ಪ್ರಿಂಗಿನ ಕಮಾನು ಪ್ಲೇಟುಗಳನ್ನು ಎಣಿಸಿ, ಪ್ರತಿ ಪ್ಲೇಟಿನ ಉದ್ದಕ್ಕೂ ಟಾರ್ಚ್ ಹಾಯಿಸಿ. ಒಡೆದ ಪ್ಲೇಟಿನ ಬಿರುಕಿನ ಗೆರೆಯಲ್ಲಿ ಹೊಸ ಕಿತ್ತಳೆ ತುಕ್ಕು ಇರುತ್ತದೆ, ಸುತ್ತಲಿನ ಹಳೆಯ ಕಂದಿನ ನಡುವೆ ಅದು ಎದ್ದು ಕಾಣುತ್ತದೆ. ಪ್ಲೇಟುಗಳ ನಡುವೆ ತುಕ್ಕು ಬೆಳೆದು ಅವು ಕವಲಾಗಿದ್ದರೆ ಕಳಚಿ, ಉಜ್ಜಿ, ಗ್ರೀಸ್ ಹಚ್ಚಿ ಜೋಡಿಸಬಹುದು. ಒಡೆದ ಪ್ಲೇಟಿಗೆ ವೆಲ್ಡಿಂಗ್ ಹಾಕಬಾರದು; ಸ್ಪ್ರಿಂಗ್ ಉಕ್ಕು ಆ ಬಿಸಿಗೆ ಗಡಸು ಕಳೆದುಕೊಂಡು ಪಕ್ಕದಲ್ಲೇ ಮತ್ತೆ ಒಡೆಯುತ್ತದೆ.

ಚಾಸಿಯನ್ನು ನೋಡುವಾಗ ಅವಸರ ಬೇಡ. ಕಮಾನು ಪ್ಲೇಟುಗಳ ತುದಿಯನ್ನು ಹಿಡಿದಿಡುವ ಹ್ಯಾಂಗರ್‌ಗಳು ಚಾಸಿಗೆ ರಿವೆಟ್ ಆಗಿರುವ ಜಾಗ, ಸ್ಟಿಯರಿಂಗ್ ಬಾಕ್ಸ್ ಕೂತ ಜಾಗ, ಹಿಂದಿನ ಅಡ್ಡಪಟ್ಟಿ, ಎರಡು ತಗಡು ಒಂದರ ಮೇಲೊಂದು ಬರುವ ಪ್ರತಿ ಸಂದು, ಇವುಗಳನ್ನು ತಂತಿ ಬ್ರಷ್‌ನಿಂದ ಲೋಹ ಕಾಣುವವರೆಗೆ ಉಜ್ಜಿ ಸುತ್ತಿಗೆಯ ಮೊನೆಯಿಂದ ಗಟ್ಟಿಯಾಗಿಯೇ ಹೊಡೆಯಬೇಕು. ಚಾಸಿಗೆ ಅನುಕಂಪ ತೋರಿಸುವ ಜಾಗ ಇದಲ್ಲ. ಗ್ಯಾರೇಜಿನಲ್ಲಿ ಒಡೆಯದಿದ್ದದ್ದು ಘಾಟಿಯಲ್ಲಿ ಒಡೆಯುತ್ತದೆ. ಎರಡು ತಗಡುಗಳ ನಡುವೆ ಬೆಳೆದ ತುಕ್ಕು ರಿವೆಟ್ಟುಗಳ ನಡುವಿನ ಲೋಹವನ್ನು ಅಲೆಯಂತೆ ಉಬ್ಬಿಸಿದ್ದರೆ ಒಳಗಿನ ಹಾನಿ ಹೊರಗೆ ಕಂಡದ್ದಕ್ಕಿಂತ ಹೆಚ್ಚಾಗಿರುತ್ತದೆ. ಶುದ್ಧ ಜಾಗದ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆದು ತಿಂದ ಜಾಗದ ದಪ್ಪಕ್ಕೆ ಹೋಲಿಸಿ, ಕಾಲುಭಾಗಕ್ಕಿಂತ ಹೆಚ್ಚು ಹೋಗಿದ್ದರೆ ಆ ಜಾಗವನ್ನು ನಾನು ನಂಬುವುದಿಲ್ಲ. ಬಳಿಕ ಎಡಮುಂದಿನ ಒಂದು ಗುರುತಿನಿಂದ ಬಲಹಿಂದಿನ ಗುರುತಿಗೆ, ಬಲಮುಂದಿನಿಂದ ಎಡಹಿಂದಿಗೆ ಟೇಪು ಹಿಡಿದು ಕರ್ಣಗಳನ್ನು ಅಳೆಯಿರಿ. ವ್ಯತ್ಯಾಸ 6 ಮಿಲಿಮೀಟರಿಗಿಂತ ಹೆಚ್ಚಿದ್ದರೆ ಚಾಸಿ ಸೊಟ್ಟಗಾಗಿದೆ.

ಇಲ್ಲಿ ನಿಲ್ಲಬೇಕು. ಹ್ಯಾಂಗರ್, ಸ್ಟಿಯರಿಂಗ್ ಬಾಕ್ಸ್ ಅಥವಾ ಆಕ್ಸಲ್ ಭಾರ ಬೀಳುವ ಜಾಗದಲ್ಲಿ ಬಿರುಕು, ತೂತು ಅಥವಾ ಸೊಟ್ಟ ಕಂಡರೆ ಅದು ಮನೆಯ ವೆಲ್ಡಿಂಗ್ ಯಂತ್ರದ ಕೆಲಸವಲ್ಲ. ಲಾರಿ ಚಾಸಿ ನೇರ ಮಾಡುವ ಅನುಭವಸ್ಥರ ಕಾರ್ಖಾನೆಗೆ ಒಯ್ಯಬೇಕು. ಇದಕ್ಕೆ ಕಾನೂನಿನ ಮಗ್ಗುಲೂ ಇದೆ. 2021ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ 50 ವರ್ಷ ದಾಟಿದ, ಸ್ವಂತ ಬಳಕೆಯ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ವಾಹನ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಆದ್ದರಿಂದ ಬೇರೆ ಗಾಡಿಯ ಚಾಸಿ ತಂದು ಜೋಡಿಸುವ ಯೋಚನೆ ಬಂದರೆ, ಅಥವಾ ನಿಮ್ಮ ಪಿಕಪ್ಪಿನ ದಾಖಲೆಯಲ್ಲಿ ಸರಕು ವಾಹನ ಎಂದಿದ್ದರೆ, ಕೆಲಸಕ್ಕೆ ಮೊದಲೇ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಚಾಸಿ ಸಂಖ್ಯೆ ಕೊರೆದ ಜಾಗದ ಮೇಲೆ ಗ್ರೈಂಡರ್ ಆಡಿಸಲೇಬೇಡಿ.

ಲಕ್ಷಣ: ಸೆಲ್ಫ್ ಒತ್ತಿದರೆ ಟಕ್ ಎಂದು ಸುಮ್ಮನಾಗುತ್ತದೆ

ತುಕ್ಕು ಹಿಡಿದ ಗಾಡಿಯಲ್ಲಿ ವಿದ್ಯುತ್ ದೋಷಗಳ ಮೂಲ ಬಹುಪಾಲು ಅರ್ಥ್‌ನಲ್ಲೇ ಇರುತ್ತದೆ, ಏಕೆಂದರೆ ಕರೆಂಟು ಬ್ಯಾಟರಿಗೆ ಮರಳುವುದು ತುಕ್ಕು ತಿಂದ ಅದೇ ಲೋಹದ ಮೂಲಕ. ಹೆಡ್‌ಲೈಟ್ ಹಾಕಿ ಸೆಲ್ಫ್ (ಎಂಜಿನ್ ಎಬ್ಬಿಸುವ ಸ್ಟಾರ್ಟರ್) ಒತ್ತಿ. ಬೆಳಕು ಪೂರ್ತಿ ಕುಗ್ಗಿದರೆ ಬ್ಯಾಟರಿ ಇಳಿದಿದೆ, ಟರ್ಮಿನಲ್ ಸಡಿಲವಾಗಿದೆ ಅಥವಾ ಎಂಜಿನ್ ಜಾಮ್ ಆಗಿದೆ. ಬೆಳಕು ಹಾಗೆಯೇ ಉಳಿದರೆ ಸೆಲ್ಫ್ ಮೋಟಾರಿಗೆ ಕರೆಂಟು ತಲುಪುತ್ತಿಲ್ಲ.

ಮಲ್ಟಿಮೀಟರಿನ ಒಂದು ತಂತಿಯನ್ನು ಬ್ಯಾಟರಿಯ ಅರ್ಥ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ ಬ್ಲಾಕಿನ ಶುದ್ಧ ಲೋಹಕ್ಕೂ ಹಿಡಿದು, ಸೆಲ್ಫ್ ಒತ್ತಿದಾಗ ಬರುವ ವೋಲ್ಟೇಜ್ ಓದಿ. 12 ವೋಲ್ಟಿನ ಗಾಡಿಯಲ್ಲಿ ಅದು 0.2ರ ಆಸುಪಾಸಿನಲ್ಲಿದ್ದರೆ ಅರ್ಥ್ ಚೆನ್ನಾಗಿದೆ, 0.5 ದಾಟಿದರೆ ಅರ್ಥ್ ಪಟ್ಟಿ ಕೂತ ಜಾಗವನ್ನು ಉಜ್ಜಿ ಹೊಳೆಯಿಸಿ, ಬಿಗಿದು, ಮೇಲೆ ಗ್ರೀಸ್ ಹಚ್ಚಬೇಕು. ಎಂಜಿನ್ ರಬ್ಬರಿನ ಮೇಲೆ ಕೂತಿರುವುದರಿಂದ ಬ್ಲಾಕಿನಿಂದ ಚಾಸಿಗೆ ಬೇರೆಯೇ ಪಟ್ಟಿ ಬೇಕು. ಹಳೆಯ ಗಾಡಿಗಳಲ್ಲಿ ಅದು ಕಳಚಿ ಕಾಣೆಯಾಗಿರುವುದು ಹೆಚ್ಚು.

ಲಕ್ಷಣ: ಎಂಜಿನ್ ತಿರುಗುವುದೇ ಇಲ್ಲ

ಜಾಮ್ ಆಗಿದೆ ಎಂದು ತೀರ್ಮಾನಿಸುವ ಮುನ್ನ ಗೇರು ನ್ಯೂಟ್ರಲ್‌ನಲ್ಲಿದೆಯೇ, ಸೆಲ್ಫ್ ಮೋಟಾರಿನ ಹಲ್ಲು ಫ್ಲೈವೀಲಿಗೆ ಸಿಕ್ಕಿಕೊಂಡಿದೆಯೇ ನೋಡಿ. ಸೆಲ್ಫ್ ಮೋಟಾರನ್ನು ಬಿಚ್ಚಿದ ಕೂಡಲೇ ಎಂಜಿನ್ ತಿರುಗಿದರೆ ದೋಷ ಅಲ್ಲಿಯೇ ಇತ್ತು. ಫ್ಯಾನ್ ಬೆಲ್ಟ್ ಸಡಿಲಿಸಿ ಡೈನಮೋ ಮತ್ತು ವಾಟರ್ ಪಂಪ್ ಕೈಯಲ್ಲಿ ತಿರುಗುತ್ತವೆಯೇ ಎಂದೂ ನೋಡಿ.

ಅವೆಲ್ಲ ಸರಿಯಿದ್ದರೆ ನಾಲ್ಕೂ ಪ್ಲಗ್ ಬಿಚ್ಚಿ. ಪ್ಲಗ್ಗಿನ ತುದಿ ತುಕ್ಕು ಹಿಡಿದಿದ್ದರೆ ಆ ಸಿಲಿಂಡರಿಗೆ ನೀರು ಹೋಗಿದೆ. ಪ್ರತಿ ಸಿಲಿಂಡರಿಗೂ ಡೀಸೆಲ್ ಮತ್ತು ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ) ಎಣ್ಣೆಯ ಮಿಶ್ರಣವನ್ನು ನಾಲ್ಕೈದು ಚಮಚ ಬಿಟ್ಟು ಕೆಲವು ದಿನ ಬಿಡಿ, ನಡುನಡುವೆ ಇನ್ನಷ್ಟು ಹಾಕಿ. ಅನಂತರ ಪಿಸ್ಟನ್ನುಗಳು ತಿರುಗಿಸುವ ಮುಖ್ಯ ಶಾಫ್ಟಾದ ಕ್ರ್ಯಾಂಕಿನ ಮುಂದಿನ ನಟ್ಟಿಗೆ ದೊಡ್ಡ ಸಾಕೆಟ್ ಹಾಕಿ, ಮುಂದಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ಕೈಬಲದಿಂದಷ್ಟೇ ಒತ್ತಿ ನೋಡಬೇಕು. ಕೂದಲೆಳೆಯಷ್ಟು ಅಲುಗಿದರೂ ಅದು ಶುಭ ಸೂಚನೆ; ಮತ್ತೆ ಎಣ್ಣೆ, ಮತ್ತೆ ಕಾಯುವಿಕೆ. ಗಾಡಿಯನ್ನು ಗೇರಿಗೆ ಹಾಕಿ ಟ್ರ್ಯಾಕ್ಟರಿನಿಂದ ಎಳೆಸಿದರೆ ಪಿಸ್ಟನ್ ರಿಂಗ್ ಮುರಿಯುತ್ತದೆ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ಈ ಎಂಜಿನ್ನಿನ ಇನ್ನೊಂದು ವಿಶೇಷವನ್ನು ನೆನಪಿಡಬೇಕು. ಇದರಲ್ಲಿ ಪೆಟ್ರೋಲ್-ಗಾಳಿಯನ್ನು ಒಳಬಿಡುವ ಇನ್ಲೆಟ್ ವಾಲ್ವುಗಳು ಮೇಲೆ ಹೆಡ್ಡಿನಲ್ಲಿವೆ, ಹೊಗೆಯನ್ನು ಹೊರಬಿಡುವ ಎಗ್ಸಾಸ್ಟ್ ವಾಲ್ವುಗಳು ಕೆಳಗೆ ಬ್ಲಾಕಿನಲ್ಲಿವೆ. ಸೈಲೆನ್ಸರ್ ಮೂಲಕ ಒಳಬಂದ ತೇವ ನೇರವಾಗಿ ಬ್ಲಾಕಿನ ವಾಲ್ವಿಗೆ ತಗಲುವುದರಿಂದ ಅದು ತಾನು ಜಾರುವ ಕೊಳವೆಯಾದ ಗೈಡಿನಲ್ಲಿ ಅಂಟಿಕೊಂಡು ತೆರೆದೇ ನಿಲ್ಲುತ್ತದೆ. ಎಂಜಿನ್ ತಿರುಗಲಾರಂಭಿಸಿದ ಮೇಲೆ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿ ನೋಡಿ. ಒಳ್ಳೆಯ ಸ್ಥಿತಿಯಲ್ಲಿ ಸುಮಾರು 120 ಪಿಎಸ್‌ಐ ಬರುತ್ತದೆ, ಒಂದು ಸಿಲಿಂಡರಿನಲ್ಲಿ ಮಾತ್ರ ಸೊನ್ನೆಯ ಹತ್ತಿರವಿದ್ದರೆ ಅಂಟಿದ ವಾಲ್ವನ್ನೇ ಮೊದಲು ಸಂಶಯಿಸಬೇಕು. ಬ್ಲಾಕಿನ ಪಕ್ಕದ ಮುಚ್ಚಳ ತೆಗೆದರೆ ವಾಲ್ವುಗಳ ಕೆಳತುದಿ ಕಾಣಿಸುತ್ತದೆ. ಕ್ರ್ಯಾಂಕ್ ತಿರುಗಿಸಿದಂತೆ ಮೂರು ಇಳಿದೇರುತ್ತಾ ಒಂದು ಮೇಲೆಯೇ ನಿಂತಿದ್ದರೆ ಅದರ ಕಾಂಡಕ್ಕೆ ಎಣ್ಣೆ ಬಿಟ್ಟು, ಮರದ ತುಂಡಿನಿಂದ ಮೆಲ್ಲಗೆ ತಟ್ಟಿ ಬಿಡಿಸಲು ಸಾಧ್ಯವಿದೆ. ಬಿಟ್ಟ ಮೇಲೆ ಕ್ಲಿಯರೆನ್ಸ್ (ವಾಲ್ವಿನ ತುದಿಯ ಸಂದು) ನೋಡಿ. ವಿಲೀಸ್ ಅಳತೆಯಂತೆ ತಣ್ಣಗಿದ್ದಾಗ ಇನ್ಲೆಟ್ 0.018 ಇಂಚು, ಎಗ್ಸಾಸ್ಟ್ 0.016 ಇಂಚು. ವಾರಗಟ್ಟಲೆ ಎಣ್ಣೆ ಕುಡಿಸಿದರೂ ಕ್ರ್ಯಾಂಕ್ ಅಲುಗದಿದ್ದರೆ ಹೆಡ್ ಬಿಚ್ಚಬೇಕು, ಬೋರಿನಲ್ಲಿ, ಅಂದರೆ ಸಿಲಿಂಡರಿನ ಒಳಗೋಡೆಯಲ್ಲಿ, ಉಗುರಿಗೆ ಸಿಗುವ ಗುಂಡಿಗಳಿದ್ದರೆ ಎಂಜಿನ್ ಅದನ್ನು ಕೊರೆದು ಅಗಲಿಸುವ ರಿಬೋರಿಂಗ್‌ಗೆ ಹೋಗಬೇಕು.

ಲಕ್ಷಣ: ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ, ಇಲ್ಲವೇ ಹೊತ್ತಿ ಸ್ವಲ್ಪದರಲ್ಲೇ ನಿಲ್ಲುತ್ತದೆ

ಪ್ಲಗ್ಗಿನ ಕಿಡಿ ನೋಡುವುದು ಮೊದಲ ಹೆಜ್ಜೆ, ಆದರೆ ಎಂಜಿನ್ ಕ್ಯಾಬಿನ್ನಿನೊಳಗೇ ಇರುವುದರಿಂದ ಪೆಟ್ರೋಲಿನ ವಾಸನೆ ಇದ್ದಾಗ ಈ ಪರೀಕ್ಷೆ ಬೇಡ. ಎರಡೂ ಬಾಗಿಲು ತೆರೆದಿಟ್ಟು, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತೆ ಇರಿಸಿಕೊಳ್ಳಿ. ಕಿಡಿ ನೀಲಿಬಿಳಿಯಾಗಿ ಚಟ್ ಎಂದರೆ ಸರಿ. ಹಳದಿಯಾಗಿ ಸಪ್ಪೆಯಿದ್ದರೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ತೆರೆದು, ಕರೆಂಟನ್ನು ಕೂಡಿಸಿ ಕಡಿಯುವ ಪಾಯಿಂಟ್ ನೋಡಿ. ನಿಂತ ಗಾಡಿಯಲ್ಲಿ ಪಾಯಿಂಟಿನ ಮೇಲೆ ಬೂದು ಪೊರೆ ಕಟ್ಟಿರುತ್ತದೆ, ನಯವಾದ ಎಮರಿಯಿಂದ ಉಜ್ಜಿ ಒರೆಸಿದರೆ ಎಷ್ಟೋ ಗಾಡಿಗಳು ಅಷ್ಟಕ್ಕೇ ಎದ್ದು ನಿಲ್ಲುತ್ತವೆ. ಆಟೋಲೈಟ್ ಡಿಸ್ಟ್ರಿಬ್ಯೂಟರ್ ಇದ್ದರೆ ಪಾಯಿಂಟ್ ಗ್ಯಾಪ್ 0.020 ಇಂಚು, ಬೇರೆ ಕಂಪನಿಯದನ್ನು ಹಾಕಿದ್ದರೆ ಅದರ ಅಳತೆಯನ್ನೇ ಇಡಬೇಕು. ಪ್ಲಗ್ ಗ್ಯಾಪ್ 0.030 ಇಂಚು, ಫೈರಿಂಗ್ ಕ್ರಮ 1-3-4-2.

ಕಿಡಿ ಸರಿಯಿದ್ದರೆ ಪೆಟ್ರೋಲಿನ ಕಡೆ ಹೊರಳಬೇಕು. ಫ್ಯೂಯೆಲ್ ಪಂಪಿನ ಅಡಿಯಲ್ಲಿ ಗಾಜಿನ ಬಟ್ಟಲು ಇದ್ದರೆ ಅದು ಟ್ಯಾಂಕಿನ ಒಳಗನ್ನು ತೋರಿಸುತ್ತದೆ. ತಳದಲ್ಲಿ ಕಂದು ಪುಡಿ ಕೂತಿದ್ದು ಬೆರಳಲ್ಲಿ ಮುಟ್ಟಿದಾಗ ಕರಕರ ಎಂದರೆ ಟ್ಯಾಂಕ್ ತುಕ್ಕಾಗಿದೆ. ಪೆಟ್ರೋಲಿನ ತಳದಲ್ಲಿ ಗೆರೆ ಎಳೆದಂತೆ ಬೇರೆ ಪದರ ನಿಂತಿದ್ದರೆ ನೀರು ಸೇರಿದೆ. ಕಟು ವಾಸನೆಯ, ಅಂಟಂಟಾದ ದ್ರವವಿದ್ದರೆ ಪೆಟ್ರೋಲ್ ಹಳಸಿದೆ. ಅದನ್ನು ಪೂರ್ತಿ ಇಳಿಸದೆ ಹೊಸದನ್ನು ಬೆರೆಸಬೇಡಿ.

ಗಾಡಿ ಹತ್ತು ನಿಮಿಷ ಓಡಿ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತಿದ್ದರೆ, ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆರೆಯಿರಿ. ಹಿಸ್ ಎಂದು ಗಾಳಿ ಒಳನುಗ್ಗಿದರೆ ಮುಚ್ಚಳದ ಗಾಳಿತೂತು ಕಟ್ಟಿದೆ. ಶಬ್ದ ಬರದಿದ್ದರೆ ಟ್ಯಾಂಕಿನ ತುಕ್ಕಿನ ಹಕ್ಕಳೆ ಹೀರುಕೊಳವೆಯ ಬಾಯಿಗೆ ಅಂಟಿ, ಎಂಜಿನ್ ನಿಂತಾಗ ಕಳಚಿ ಬೀಳುತ್ತಿರಬಹುದು. ಎರಡೂ ಅಲ್ಲದಿದ್ದರೆ ಕಿಡಿಯ ವ್ಯವಸ್ಥೆಯಲ್ಲಿ ಬಿಸಿಯಾದಾಗ ಕೈಕೊಡುವ ಕಾಯಿಲ್ ಅಥವಾ ಕಂಡೆನ್ಸರ್. ನಿಂತ ಕ್ಷಣದಲ್ಲಿ ಕಿಡಿ ಇಲ್ಲದಿದ್ದರೆ ಅದು ಖಚಿತ.

ಪಂಪಿಗೆ ಸಂಬಂಧಿಸಿದ ಎರಡು ಸೂಚನೆಗಳನ್ನು ಹಲವರು ಎಂಜಿನ್ನಿನ ತಪ್ಪೆಂದು ತಿಳಿಯುತ್ತಾರೆ. ಎಂಜಿನ್ ಆಯಿಲ್ ಪೆಟ್ರೋಲಿನ ವಾಸನೆ ಬರುತ್ತಿದ್ದು ಮಟ್ಟ ಏರುತ್ತಿದ್ದರೆ ಪಂಪಿನ ಡಯಾಫ್ರಾಮ್ (ಒಳಗಿನ ರಬ್ಬರ್ ಪೊರೆ) ಹರಿದಿದೆ. ಆ ಆಯಿಲ್ ಬದಲಿಸದೆ ಎಂಜಿನ್ ಓಡಿಸಿದರೆ ಬೇರಿಂಗ್ ಹೋಗುತ್ತದೆ. ವೈಪರಿಗೆ ವ್ಯಾಕ್ಯೂಮ್ ಕೊಡುವ ಜೋಡಿ ಪಂಪ್ ಇರುವ ಗಾಡಿಯಲ್ಲಿ ಮೇಲಿನ ಡಯಾಫ್ರಾಮ್ ಹರಿದರೆ ಆಯಿಲ್ ಆವಿ ಇನ್ಲೆಟ್ಟಿಗೆ ಸೇರಿ ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ. ರಿಂಗ್ ಬದಲಿಸುವ ಖರ್ಚಿಗೆ ಮೊದಲು ಆ ವ್ಯಾಕ್ಯೂಮ್ ಪೈಪನ್ನು ಕಳಚಿ, ಇನ್ಲೆಟ್ ಕಡೆಯ ಬಾಯಿಯನ್ನು ಮುಚ್ಚಿ, ಹೊಗೆ ನಿಲ್ಲುತ್ತದೆಯೇ ನೋಡಿ.

ಟ್ಯಾಂಕ್ ತೊಳೆಯಲು ವಾಷಿಂಗ್ ಸೋಡಾ ಬೆರೆಸಿದ ನೀರು ಮತ್ತು ಒಂದಷ್ಟು ಹಳೆಯ ನಟ್ಟುಗಳನ್ನು ಹಾಕಿ ಅಲುಗಾಡಿಸಿ, ನೀರು ತಿಳಿಯಾಗುವವರೆಗೆ ತೊಳೆದು, ಬೇಗ ಒಣಗಿಸಬೇಕು. ಟ್ಯಾಂಕ್ ಸೋರುತ್ತಿದ್ದರೆ ಅದರ ಮೇಲೆ ಗ್ಯಾಸ್ ಬೆಂಕಿ, ವೆಲ್ಡಿಂಗ್, ಗ್ರೈಂಡರ್ ಯಾವುದನ್ನೂ ಮನೆಯಲ್ಲಿ ಮುಟ್ಟಿಸಬಾರದು. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ, ಏಕೆಂದರೆ ಸಿಡಿಯುವುದು ಒಳಗಿನ ಆವಿ. ಈಗ ಬಂಕುಗಳಲ್ಲಿ ಸಿಗುವ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ. ಆದ್ದರಿಂದ ರಬ್ಬರ್ ಪೈಪು, ಡಯಾಫ್ರಾಮ್, ವಾಷರ್ ಎಲ್ಲವನ್ನೂ ಎಥನಾಲ್ ತಾಳುವ ಹೊಸದಕ್ಕೆ ಬದಲಿಸಿ, ನಿಲ್ಲಿಸಿಡುವ ಗಾಡಿಯಲ್ಲಿ ಪೆಟ್ರೋಲನ್ನು ತಿಂಗಳುಗಟ್ಟಲೆ ಬಿಡಬೇಡಿ.

ಲಕ್ಷಣ: ಎಂಜಿನ್ ಬೇಗ ಕಾಯುತ್ತದೆ

ರೇಡಿಯೇಟರ್ ಮುಚ್ಚಳವನ್ನು ತಣ್ಣಗಿದ್ದಾಗ ಮಾತ್ರ ತೆರೆಯಿರಿ. ನೀರು ಕಾಫಿ ಬಣ್ಣದಲ್ಲಿದ್ದರೆ ಬ್ಲಾಕಿನ ಒಳಗೋಡೆ ತುಕ್ಕಾಗಿದೆ, ಆ ಕೆಸರು ಹಿಂದಿನ ಸಿಲಿಂಡರಿನ ಸುತ್ತ ಗಟ್ಟಿಯಾಗಿ ಕೂರುತ್ತದೆ. ಬೆಲ್ಟ್ ಬಿಗಿ, ಥರ್ಮೋಸ್ಟಾಟ್, ರೇಡಿಯೇಟರಿನ ಹೊರಗಿನ ಕಸ ಇವುಗಳನ್ನು ನೋಡಿದ ಮೇಲೆ, ಬ್ಲಾಕಿನ ಡ್ರೈನ್ ತೆರೆದು ನೀರು ಹರಿಯುತ್ತದೆಯೇ ನೋಡಿ. ಹರಿಯದಿದ್ದರೆ ತಂತಿಯಿಂದ ಚುಚ್ಚಿ, ಥರ್ಮೋಸ್ಟಾಟ್ ಬಿಚ್ಚಿ ಮೇಲಿನಿಂದ ಕೆಳಕ್ಕೂ ಕೆಳಗಿನಿಂದ ಮೇಲಕ್ಕೂ ನೀರು ಹಾಯಿಸಿ. ಬ್ಲಾಕಿನ ನೀರಿನ ಕೋಣೆಯ ತೂತು ಮುಚ್ಚುವ ತಗಡಿನ ಬಿರಡೆಯಾದ ಕೋರ್ ಪ್ಲಗ್ಗಿನ ಅಂಚಿನಲ್ಲಿ ಒದ್ದೆ ಕಲೆ ಇದ್ದರೆ ಎಲ್ಲ ಪ್ಲಗ್ಗುಗಳನ್ನೂ ಒಟ್ಟಿಗೆ ಬದಲಿಸಿ. ಅವನ್ನು ತೆಗೆದ ತೂತಿನಿಂದಲೇ ಒಳಗಿನ ಕೆಸರನ್ನು ಕೆರೆದು ತೆಗೆಯಬಹುದು. ಆಮೇಲೆ ಬಾವಿ ನೀರು ಬೇಡ, ಡಿಸ್ಟಿಲ್ಡ್ ನೀರು ಮತ್ತು ಕೂಲಂಟ್ ತುಂಬಿ.

ಆಯಿಲ್ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ಅಥವಾ ಎಂಜಿನ್ ಓಡುವಾಗ ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಬ್ಲಾಕ್ ಸೀಳಿರಲೂಬಹುದು. ಯಾವುದೆಂದು ಒತ್ತಡ ಪರೀಕ್ಷೆ ಮಾಡುವ ಎಂಜಿನ್ ವರ್ಕ್ಸ್‌ನವರೇ ಹೇಳಬೇಕು.

ಲಕ್ಷಣ: ಬ್ರೇಕ್ ಪೆಡಲ್ ಕೆಳಗಿಳಿಯುತ್ತದೆ, ಗಾಡಿ ಒಂದು ಬದಿಗೆ ಎಳೆಯುತ್ತದೆ

ಈ ಗಾಡಿಯ ಬ್ರೇಕಿಗೆ ಒಂದೇ ಸರ್ಕ್ಯೂಟ್. ನಾಲ್ಕು ಚಕ್ರಗಳಲ್ಲಿ ಎಲ್ಲಿ ಪೈಪ್ ಒಡೆದರೂ ನಾಲ್ಕೂ ಬ್ರೇಕು ಒಟ್ಟಿಗೆ ಹೋಗುತ್ತವೆ. ಹಾಗಾಗಿ ಎಂಜಿನ್ ಎಷ್ಟೇ ಸೊಗಸಾಗಿ ಓಡಲಿ, ಬ್ರೇಕ್ ಪೂರ್ತಿ ಸರಿಯಾಗುವ ತನಕ ಗಾಡಿ ಅಂಗಳ ದಾಟಬಾರದು.

ಪೆಡಲ್ ನಿಧಾನವಾಗಿ ಇಳಿಯುತ್ತಾ ಹೋಗಿ ಎಲ್ಲೂ ಸೋರಿಕೆ ಕಾಣದಿದ್ದರೆ ಪೆಡಲ್ ಒತ್ತಿದಾಗ ಬ್ರೇಕ್ ದ್ರವವನ್ನು ತಳ್ಳುವ ಮಾಸ್ಟರ್ ಸಿಲಿಂಡರಿನ ಒಳ ರಬ್ಬರ್ ಸೋತಿದೆ. ಸ್ಪಂಜಿನಂತೆ ಮೆತ್ತಗಿದ್ದರೆ ಗಾಳಿ ಸೇರಿದೆ. ಒಂದು ಬದಿಗೆ ಎಳೆದರೆ ಎದುರು ಬದಿಯ ಚಕ್ರದ ಸಿಲಿಂಡರ್ ತುಕ್ಕಿನಿಂದ ಅಂಟಿರಬಹುದು, ಇಲ್ಲವೇ ಅದರ ಲೈನಿಂಗಿಗೆ ಎಣ್ಣೆ ತಗಲಿರಬಹುದು. ಪೆಡಲ್ ಬಿಟ್ಟ ಮೇಲೂ ಒಂದು ಡ್ರಮ್ ಬಿಸಿಯಾಗಿಯೇ ಇದ್ದರೆ ಅಲ್ಲಿನ ರಬ್ಬರ್ ಪೈಪ್ ಒಳಗೆ ಊದಿಕೊಂಡು ದ್ರವವನ್ನು ಮರಳಿ ಬಿಡದಿರಬಹುದು. ಉಕ್ಕಿನ ಪೈಪನ್ನು ಎಮರಿಯಿಂದ ಉಜ್ಜಿದಾಗ ಗುಂಡಿ ಕಂಡರೆ ಅದನ್ನು ಬದಲಿಸಬೇಕು. ಅರ್ಧ ಪೈಪಿಗೆ ಜೋಡಣೆ ಹಾಕುವ ಉಳಿತಾಯ ಇಲ್ಲಿ ಸಲ್ಲದು, ತಾಮ್ರದ ಪ್ಲಂಬಿಂಗ್ ಕೊಳವೆಯೂ ಸಲ್ಲದು. ಡಬ್ಬಿಯ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದಿರುವ ಹೊಸ ದ್ರವವನ್ನೇ ಹಾಕಿ. ಕೆಲಸ ನೀವೇ ಮಾಡಿದ್ದರೂ ಮೊದಲ ಓಡಾಟಕ್ಕೆ ಮುನ್ನ ಅನುಭವಿ ಮೆಕ್ಯಾನಿಕ್ ಒಬ್ಬರಿಂದ ನೋಡಿಸಿ.

ಲಕ್ಷಣ: ಬಣ್ಣ ಹೊಡೆದ ಮೇಲೂ ತುಕ್ಕು ಮರಳಿದೆ

ಕೆಲವೇ ತಿಂಗಳಲ್ಲಿ ಚುಕ್ಕೆ ಚುಕ್ಕೆಯಾಗಿ ಮರಳಿದರೆ ಲೋಹದ ಗುಂಡಿಗಳಲ್ಲಿ ಲವಣ ಉಳಿದಿತ್ತು. ಹಾಳೆಯಾಗಿ ಸುಲಿದು ಬಂದರೆ ಬಣ್ಣದ ಅಡಿಯಲ್ಲಿ ಎಣ್ಣೆ ಅಥವಾ ತೇವವಿತ್ತು. ಅಂಚು ಮತ್ತು ಸಂದುಗಳಲ್ಲಿ ಮಾತ್ರ ಕಂಡರೆ ಅದು ಒಳಮೈಯಿಂದ ಬಂದದ್ದು, ಹೊರಗೆ ಮತ್ತೆ ಉಜ್ಜಿ ಪ್ರಯೋಜನವಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡು, ಕರಾವಳಿಗಳಲ್ಲಿ ಉಜ್ಜಿ ಹೊಳೆಯಿಸಿದ ಲೋಹದ ಮೇಲೆ ರಾತ್ರಿ ಬೆಳಗಾಗುವುದರೊಳಗೆ ಕಿತ್ತಳೆ ಪೊರೆ ಮೂಡುತ್ತದೆ. ಒಂದು ದಿನದಲ್ಲಿ ಉಜ್ಜಿ, ಒರೆಸಿ, ಪ್ರೈಮರ್ ಹಚ್ಚಿ ಮುಗಿಸುವಷ್ಟು ಜಾಗವನ್ನೇ ಕೈಗೆತ್ತಿಕೊಳ್ಳಿ; ಬಣ್ಣದ ಕೆಲಸವನ್ನು ಒಣ ತಿಂಗಳಿಗೆ ಉಳಿಸಿಕೊಳ್ಳಿ. ಅಂಗಡಿಯ ಮಾಮೂಲು ರೆಡ್ ಆಕ್ಸೈಡ್ ಪ್ರೈಮರ್ ನೀರನ್ನು ಪೂರ್ತಿ ತಡೆಯುವುದಿಲ್ಲ, ಅದನ್ನಷ್ಟೇ ಹಚ್ಚಿ ಗಾಡಿಯನ್ನು ಮಳೆಗೆ ಬಿಟ್ಟರೆ ಕೆಳಗೆ ತುಕ್ಕು ಬೆಳೆಯುತ್ತದೆ. ಎರಡು ಡಬ್ಬಿ ಬೆರೆಸಿ ಹಚ್ಚುವ ಎಪಾಕ್ಸಿ ಪ್ರೈಮರ್ ದುಬಾರಿಯಾದರೂ ಅದಕ್ಕೆ ಹಾಕಿದ ಹಣ ದಕ್ಕುತ್ತದೆ. ಫಾಸ್ಫಾರಿಕ್ ಆಮ್ಲದ ತುಕ್ಕು ಪರಿವರ್ತಕವನ್ನು ಗಟ್ಟಿಯಾಗಿ ಅಂಟಿಕೊಂಡ ತೆಳು ತುಕ್ಕಿಗೆ ಮಾತ್ರ ಹಚ್ಚಬೇಕು, ಹಕ್ಕಳೆಯ ಮೇಲೆ ಹಚ್ಚಿದರೆ ಹಕ್ಕಳೆಯ ಜೊತೆಗೇ ಅದೂ ಉದುರುತ್ತದೆ.

ಸಣ್ಣ ಬಿಡಿಭಾಗಗಳಿಗೆ ವಾಷಿಂಗ್ ಸೋಡಾ ನೀರು ಮತ್ತು ಬ್ಯಾಟರಿ ಚಾರ್ಜರ್ ಬಳಸಿ ವಿದ್ಯುತ್ತಿನಿಂದ ತುಕ್ಕು ಬಿಡಿಸುವ ವಿಧಾನ ಬಹಳ ಒಳ್ಳೆಯದು. ಭಾಗವನ್ನು ಚಾರ್ಜರಿನ ಋಣ ತಂತಿಗೆ, ಹಳೆಯ ಕಬ್ಬಿಣದ ಪಟ್ಟಿಯನ್ನು ಧನ ತಂತಿಗೆ ಕಟ್ಟಬೇಕು. ಸ್ಟೇನ್‌ಲೆಸ್ ಸ್ಟೀಲನ್ನು ಪಟ್ಟಿಯಾಗಿ ಬಳಸಿದರೆ ನೀರಿನಲ್ಲಿ ವಿಷಕಾರಿ ಕ್ರೋಮಿಯಂ ಸೇರುತ್ತದೆ. ಈ ಕ್ರಿಯೆಯಲ್ಲಿ ಹೈಡ್ರೋಜನ್ ಹೊರಬರುವುದರಿಂದ ತೊಟ್ಟಿ ಬಯಲಿನಲ್ಲಿರಬೇಕು, ಕ್ಲಿಪ್ಪು ತೆಗೆಯುವ ಮೊದಲು ಚಾರ್ಜರ್ ಆರಿಸಬೇಕು. ಕಮಾನು ಪ್ಲೇಟು, ಸ್ಟಿಯರಿಂಗ್ ಭಾಗ, ಗಡಸು ಬೋಲ್ಟುಗಳನ್ನು ಇದರಲ್ಲಿ ಹಾಕಬಾರದು, ಏಕೆಂದರೆ ಹೈಡ್ರೋಜನ್ ಒಳಸೇರಿ ಅವು ಪೆಡಸಾಗಿ ಮುರಿಯಬಹುದು.

ಬಣ್ಣ ಪೂರ್ತಿ ಒಣಗಿದ ಮೇಲೆ ಬಾಗಿಲಿನ ಒಳಗು, ಕಂಬದ ಬುಡ, ನೆಲದ ಅಡಿಪಟ್ಟಿ ಇಂಥ ಮುಚ್ಚಿದ ಪೊಳ್ಳುಗಳಿಗೆ ಉದ್ದ ಕೊಳವೆಯಿಂದ ಮೇಣದ ದ್ರಾವಣ ಸಿಂಪಡಿಸಿ. ಸಿಂಪಡಿಸಿದ ಮರುದಿನ ನೀರಿಳಿಯುವ ಪ್ರತಿ ತೂತಿಗೂ ತಂತಿ ಹಾಯಿಸಿ, ಮೇಣದಿಂದ ಅವು ಮುಚ್ಚಿಹೋಗಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಪ್ರತಿ ವರ್ಷ ಮೇ ತಿಂಗಳಲ್ಲಿ ಇದೇ ತೂತುಗಳನ್ನೂ ಗಾಜಿನ ರಬ್ಬರನ್ನೂ ಮತ್ತೊಮ್ಮೆ ನೋಡಿ, ಕ್ಯಾಬಿನ್ನಿನ ನೆಲದ ಹಾಸನ್ನು ತೆಗೆದು ಅಡಿಯ ತಗಡು ಒಣಗಿದೆಯೇ ಎಂದು ಕೈಯಾಡಿಸಿ ಪರೀಕ್ಷಿಸಿ.